ಗೈಡ್ ಇಲ್ಲದೆ ನಡೆದು ನೋಡೋಕೆ ಬೇಲೂರಾ, ಹಳೇಬೀಡಾ?

ಹಾಸನದಲ್ಲಿ ಮನೆ ಇರುವವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ನೆಂಟರು ಬಂದರೆ ಬೇಲೂರು, ಹಳೇಬೀಡು ತೋರಿಸಬೇಕು. ನಾನೂ ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಬೆಳಿಗ್ಗೆ ಕಾರಿನಲ್ಲಿ ಹೊರಡುವುದು, ಅಲ್ಲೊಂದು ಗಂಟೆ, ಇಲ್ಲೊಂದು ಗಂಟೆ, ಊಟದ ಹೊತ್ತಿಗೆ ವಾಪಸ್. ಹೋದ ವರ್ಷ ಅಕ್ಕನ ಮಗಳು ಜೊತೆಗೆ ಬಂದಿದ್ದಳು. ಎಂಟನೇ ಕ್ಲಾಸ್ ಹುಡುಗಿ. ಹಳೇಬೀಡಿನ ದೇವಸ್ಥಾನದ ಹುಲ್ಲಿನ ಮೇಲೆ ನಿಂತು ಕೇಳಿದಳು: "ಚಿಕ್ಕಮ್ಮ, ಇದು ರಾಜಧಾನಿ ಆಗಿತ್ತು ಅಂತೀರಲ್ಲ, ಮತ್ತೆ ಊರೆಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ಸಲ ಹೋಗಿದ್ದರೂ ನಾನು ನೋಡಿದ್ದು ಒಂದು ದೇವಸ್ಥಾನ ಮಾತ್ರ.

ಅದಕ್ಕೇ ಈ ಸಲ ಚಳಿಗಾಲದಲ್ಲಿ ಇಬ್ಬರೂ ಒಂದು ತೀರ್ಮಾನ ಮಾಡಿದೆವು. ಕಾರು ಬೇಡ, ಗೈಡ್ ಬೇಡ. ಬಸ್ಸಿನಲ್ಲಿ ಹೋಗಿ, ಇಡೀ ದಿನ ಕಾಲಲ್ಲೇ ಸುತ್ತುವುದು. ಒಂದು ಭಾನುವಾರ ಬೇಲೂರು, ಇನ್ನೊಂದು ಭಾನುವಾರ ಹಳೇಬೀಡು. ಕೈಯಲ್ಲಿ ನೋಟ್‌ಬುಕ್, ಫೋನಿನ ಮ್ಯಾಪ್, ನೀರಿನ ಬಾಟಲಿ, ಒಂದೊಂದು ಜೊತೆ ದಪ್ಪ ಸಾಕ್ಸ್. ಎರಡರಲ್ಲಿ ಯಾವುದು ಹೀಗೆ ನಡೆದು ನೋಡೋಕೆ ಸರಿ ಅಂತ ಕೇಳಿದರೆ ನನ್ನ ಉತ್ತರ ಹಳೇಬೀಡು. ಅದರಲ್ಲಿ ಅನುಮಾನವೇ ಇಲ್ಲ. ಹಾಗಂತ ಬೇಲೂರು ಕಡಿಮೆ ಅಂತಲ್ಲ. ಬೇಲೂರನ್ನು ನೋಡುವ ರೀತಿಯೇ ಬೇರೆ.

ಮೊದಲು ಬೇಲೂರಿಗೆ ಹೋದೆವು. ಹಾಸನದಿಂದ ಸುಮಾರು 40 ಕಿಲೋಮೀಟರ್, ಬಸ್ಸು ಜಾಸ್ತಿ ಇವೆ. ಬಸ್ ಸ್ಟ್ಯಾಂಡಿನಿಂದ ಅಂಗಡಿ ಬೀದಿಯಲ್ಲಿ ಹತ್ತು ನಿಮಿಷ ನಡೆದರೆ ಗೋಪುರ ಎದುರಿಗೇ ಕಾಣುತ್ತದೆ. ದಾರಿ ತಪ್ಪುವ ಮಾತೇ ಇಲ್ಲ. ಆ ಗೋಪುರ ಹೊಯ್ಸಳರದಲ್ಲ. ವಿಜಯನಗರದ ಎರಡನೇ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ಎಂಬ ದಂಡನಾಯಕ ಮತ್ತೆ ಕಟ್ಟಿಸಿದ್ದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ದೊಡ್ಡ ಕಲ್ಲುಹಾಸಿನ ಅಂಗಳ. ನಡುವೆ ನಕ್ಷತ್ರದ ಆಕಾರದ ಜಗತಿಯ (ಎತ್ತರದ ಕಟ್ಟೆಯ) ಮೇಲೆ ಚೆನ್ನಕೇಶವ. ಹೊಯ್ಸಳ ರಾಜ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವರು. ಪಕ್ಕದಲ್ಲೇ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯ. ವೀರನಾರಾಯಣ, ಸೌಮ್ಯನಾಯಕಿ, ಆಂಡಾಳ್, ಕಲ್ಯಾಣಿ, 42 ಅಡಿ ಎತ್ತರದ ಕಂಬ. ಎಲ್ಲವೂ ಒಂದೇ ಗೋಡೆಯ ಒಳಗೆ ಸಿಗುತ್ತವೆ.

ಅಲ್ಲೇ ತೊಂದರೆ ಶುರುವಾಯಿತು. ಒಂದು ಸುತ್ತು ಹಾಕಿದೆವು, ಇನ್ನೊಂದು ಹಾಕಿದೆವು. ಹೋಗಬೇಕಾದ ದೂರವೇ ಇಲ್ಲ. ನೋಡಬೇಕಾದ್ದೆಲ್ಲ ತಲೆಯ ಮೇಲಿದೆ. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರು ಹೊರಗಡೆಯೇ 38. ಕತ್ತು ಎತ್ತಿ ನೋಡಿದರೆ ಕನ್ನಡಿ ಹಿಡಿದವಳು ಗೊತ್ತಾಗುತ್ತಾಳೆ, ಗಿಳಿ ಹಿಡಿದವಳು ಗೊತ್ತಾಗುತ್ತಾಳೆ. ಆಮೇಲೆ ಎಲ್ಲರೂ ಒಂದೇ ಥರ ಕಾಣೋಕೆ ಶುರುವಾಗುತ್ತಾರೆ. ನವರಂಗದ, ಅಂದರೆ ಒಳಮಂಟಪದ, ಒಳಗಂತೂ ಕತ್ತಲು. 48 ಕಂಬಗಳಲ್ಲಿ ನಡುವಿನ ನಾಲ್ಕನ್ನು ಬಿಟ್ಟರೆ ಒಂದರ ಹಾಗೆ ಇನ್ನೊಂದಿಲ್ಲ ಅಂತ ಓದಿದ್ದೆ. ಆ ಬೆಳಕಿನಲ್ಲಿ ನಾಲ್ಕು ಕಂಬದ ವ್ಯತ್ಯಾಸವೂ ನಮಗೆ ಸರಿಯಾಗಿ ತಿಳಿಯಲಿಲ್ಲ. ಬೇರೆ ಗುಂಪಿನ ಗೈಡ್ ಟಾರ್ಚ್ ಬಿಟ್ಟು ವಿವರಿಸುತ್ತಿದ್ದರು. ಸ್ವಲ್ಪ ಹೊತ್ತು ಹಿಂದೆ ನಿಂತು ಕೇಳಿದೆವು. ಇನ್ನೊಬ್ಬರು ದುಡ್ಡು ಕೊಟ್ಟು ಕರೆತಂದವರ ಮಾತು ಹಾಗೆ ಕೇಳುವುದು ನನಗೆ ಸರಿ ಕಾಣಲಿಲ್ಲ, ಹೊರಗೆ ಬಂದೆವು. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕಿದರು. ಅಂಗಳದ ಕಲ್ಲು ಕಾದಿತ್ತು. ಸಾಕ್ಸ್ ಇಲ್ಲದಿದ್ದರೆ ನಡೆಯೋಕೇ ಆಗುತ್ತಿರಲಿಲ್ಲ.

ಮುಂದಿನ ಭಾನುವಾರ ಹಳೇಬೀಡು. ಹಾಸನದಿಂದ 31 ಕಿಲೋಮೀಟರ್. ಬಸ್ ಇಳಿದರೆ ದೇವಸ್ಥಾನ ಅಲ್ಲೇ. ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು. ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿದೆ, ಎದುರಿಗೆ ಕೆರೆ. ಆದರೆ ಹೆಸರಾದ ದೊಡ್ಡ ದೊಡ್ಡ ಮೂರ್ತಿಗಳೆಲ್ಲ ಹಿಂಬದಿಯ ಗೋಡೆಯಲ್ಲಿ, ಅಂದರೆ ಪಶ್ಚಿಮದಲ್ಲಿ ಇವೆ. ಬೆಳಿಗ್ಗೆ ಆ ಗೋಡೆ ಪೂರ್ತಿ ನೆರಳಲ್ಲಿ ಇರುತ್ತದೆ. ನೆಂಟರ ಜೊತೆ ನಾನು ಯಾವಾಗಲೂ ಹೋಗುತ್ತಿದ್ದದ್ದು ಬೆಳಿಗ್ಗೆಯೇ. ಈ ಸಲ ಹಿಂದಿನ ಗೋಡೆಯನ್ನು ಸಂಜೆಗೆ ಇಟ್ಟುಕೊಂಡೆವು. ಬೆಳಿಗ್ಗೆ ಮುಂಬದಿ, ಎರಡು ನಂದಿ ಮಂಟಪ, ಆ ಕಡೆ ಕೆರೆ, ಇಷ್ಟು ಮುಗಿಸಿದೆವು.

ಕೆರೆಯ ಹೆಸರೇ ದೋರಸಮುದ್ರ. ಊರಿಗೂ ಅದೇ ಹೆಸರಿತ್ತು. ಕೆರೆ ಮೊದಲು, ರಾಜಧಾನಿ ಆಮೇಲೆ. ಇಷ್ಟು ಗೊತ್ತಾದ ಕೂಡಲೇ ಹುಡುಗಿ ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆಯೋಕೆ ಶುರು ಮಾಡಿದಳು. ನಡುವೆ ಕೆರೆ, ಪಕ್ಕದಲ್ಲಿ ದೇವಸ್ಥಾನ. ಉಳಿದದ್ದನ್ನು ನಡೆದು ತುಂಬಿಸಬೇಕು.

ದೇವಸ್ಥಾನದ ಆವರಣದಲ್ಲೇ ಇರುವ ಗರುಡ ಕಂಬದ ಹತ್ತಿರ ಹೆಚ್ಚಿನವರು ಹೋಗುವುದಿಲ್ಲ. ನಾನೂ ಇಷ್ಟು ವರ್ಷ ಹೋಗಿರಲಿಲ್ಲ. ಎರಡನೇ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ನೆನಪಿನ ಕಂಬ ಅದು. ರಾಜ ಸತ್ತಾಗ ಅವನು, ಅವನ ಹೆಂಡತಿ, ಜೊತೆಯ ಗರುಡರು (ರಾಜನ ಜೊತೆಗೇ ಸಾಯುತ್ತೇವೆ ಎಂದು ಮಾತು ಕೊಟ್ಟ ಅಂಗರಕ್ಷಕರು) ಪ್ರಾಣ ಕೊಟ್ಟರು ಎಂದು ಅಲ್ಲಿನ ಶಾಸನ ಹೇಳುತ್ತದೆ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ಆಳುಗಳ ಚಿಕ್ಕ ಚಿಕ್ಕ ಚಿತ್ರಗಳಿವೆ. ಕಣ್ಣಿನ ಮಟ್ಟದಲ್ಲೇ ಕಾಣುತ್ತವೆ. ಒಂದರಲ್ಲಿ ಕತ್ತಿ ಕುತ್ತಿಗೆಯ ಮೇಲಿದೆ, ಮುಖ ಶಾಂತವಾಗಿದೆ. ಅದರ ಮುಂದೆ ನಾವಿಬ್ಬರೂ ಏನೂ ಮಾತಾಡದೆ ತುಂಬ ಹೊತ್ತು ನಿಂತೆವು. ಯಾರೂ "ಬನ್ನಿ ಬನ್ನಿ, ಮುಂದೆ" ಅನ್ನಲಿಲ್ಲ. ಒಬ್ಬರೇ ನಡೆಯುವುದರ ಲಾಭ ಅಂದರೆ ಇದು.

ಮ್ಯೂಸಿಯಂ ಅಲ್ಲೇ ಇದೆ. ಶುಕ್ರವಾರ ರಜೆ, ನೆನಪಿರಲಿ. ಅಲ್ಲಿಂದ ಬಸದಿಹಳ್ಳಿಗೆ ಅರ್ಧ ಕಿಲೋಮೀಟರ್ ಅಷ್ಟೇ. ಆದರೆ ಆ ಅರ್ಧ ಕಿಲೋಮೀಟರಿನಲ್ಲಿ ಜನ ಪೂರ್ತಿ ಖಾಲಿಯಾಗುತ್ತಾರೆ. ಬಸ್ಸಿನಲ್ಲಿ ಬಂದ ಪ್ರವಾಸದವರು ಹೊಯ್ಸಳೇಶ್ವರ ನೋಡಿ ಹೊರಟೇ ಬಿಡುತ್ತಾರೆ. ಮೂರು ಬಸದಿಗಳು ಒಂದೇ ಅಂಗಳದಲ್ಲಿವೆ: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ನಾವು ಹೋದಾಗ ನಾವಿಬ್ಬರು, ಕಾವಲಿನವರು, ಗಿಳಿಗಳು.

ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ. ಇದಕ್ಕೆ ಒಂದು ಚಂದದ ಕಥೆ ಇದೆ, ಶಾಸನದಲ್ಲೇ ಇದೆ. ಪ್ರತಿಷ್ಠೆಯ ಪ್ರಸಾದ ತೆಗೆದುಕೊಂಡು ಹೋದಾಗ ವಿಷ್ಣುವರ್ಧನ ಬಂಕಾಪುರದಲ್ಲಿದ್ದ. ಆಗ ತಾನೇ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಆ ಖುಷಿಯಲ್ಲಿ ದೇವರಿಗೆ ವಿಜಯಪಾರ್ಶ್ವ, ಮಗನಿಗೆ ವಿಜಯ ನರಸಿಂಹ ಎಂದು ಹೆಸರಿಟ್ಟ. ಒಳಗಿನ ಕಂಬಗಳನ್ನು ಎಷ್ಟು ನಯ ಮಾಡಿದ್ದಾರೆ ಅಂದರೆ ಕರಿ ಕಲ್ಲಿನಲ್ಲಿ ನಮ್ಮ ಮುಖ ಕಾಣುತ್ತದೆ. ಬಾಗಿಲಿನ ಬೆಳಕು ಬೀಳುವ ಕಡೆ ನಿಲ್ಲಬೇಕು. ಕಂಬ ದುಂಡಗಿರುವುದರಿಂದ ಮುಖ ಉದ್ದಕ್ಕೆ ಎಳೆದ ಹಾಗೆ ಕಾಣುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿದರೆ ಬಾಗಿಲೇ ಪೂರ್ತಿ ಅದರಲ್ಲಿ ಮೂಡುತ್ತದೆ. ಬಳಪದ ಕಲ್ಲಿನ ಗುಣ ಅದು. ಕಡಿಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಹುಡುಗಿ ಕೈ ಮುಂದೆ ಮಾಡಿದಳು. ಮುಟ್ಟಬೇಡ ಅಂದೆ. ಎಲ್ಲರೂ ಮುಟ್ಟಿದರೆ ಆ ನಯ ಎಷ್ಟು ದಿನ ಉಳಿದೀತು?

ಮುಂದೆ ಕೇದಾರೇಶ್ವರ. 1219ರ ಹೊತ್ತಿಗೆ ಎರಡನೇ ವೀರಬಲ್ಲಾಳ, ರಾಣಿ ಅಭಿನವ ಕೇತಲದೇವಿ ಕಟ್ಟಿಸಿದ್ದು. ಇದಕ್ಕೊಂದು ಚೆಂದದ ಶಿಖರ ಇತ್ತು. ಅದರಲ್ಲಿ ಮರ ಬೇರು ಬಿಟ್ಟು 19ನೇ ಶತಮಾನದಲ್ಲಿ ಕೆಡವಿತು. ಇದ್ದದ್ದನ್ನು ಮತ್ತೆ ಜೋಡಿಸಿ ಈಗಿನ ರೂಪಕ್ಕೆ ತಂದಿದ್ದಾರೆ. ಚಿಕ್ಕದು, ಅಚ್ಚುಕಟ್ಟು.

ಅಲ್ಲಿಂದ ಹುಲಿಕೆರೆ ಕೊಳಕ್ಕೆ ಹೊರಟಾಗ ಫೋನಿನ ಮ್ಯಾಪ್ ಕೈಕೊಟ್ಟಿತು. ಗದ್ದೆಯ ಬದುವಿನ ಮೇಲೆ ತಂದು ನಿಲ್ಲಿಸಿ "ತಲುಪಿದ್ದೀರಿ" ಅಂದಿತು. ಸುತ್ತ ಜೋಳದ ಕೂಳೆ. ಮೇಕೆ ಮೇಯಿಸುತ್ತಿದ್ದ ಅಜ್ಜಿ ದೂರದಿಂದಲೇ ಕೂಗಿದರು: "ಕೊಳಕ್ಕೆ ಬಂದ್ರಾ? ದಾರಿ ತಪ್ಪಿದ್ದೀರಿ ಕಣವ್ವ. ಹಿಂದಕ್ಕೋಗಿ, ಊರೊಳಗೈತೆ." ಮನೆಗಳ ನಡುವೆಯೇ ಇದೆ ಕೊಳ. ಮೇಲಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಸುತ್ತ ಪುಟ್ಟ ಪುಟ್ಟ ಗುಡಿಗಳು, ಹಲವಕ್ಕೆ ತಮ್ಮದೇ ಗೋಪುರ. ದೇವಸ್ಥಾನದ ಗೋಪುರವನ್ನೇ ಮೊಣಕಾಲೆತ್ತರಕ್ಕೆ ಇಳಿಸಿದ ಹಾಗೆ. ಮೆಟ್ಟಿಲ ಮೇಲೆ ಕೂತು ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿಂದೆವು.

"ಇಲ್ಲಿ ನೀರು ತಗೊಂಡು ಹೋಗೋಕೆ ಬರ್ತಿದ್ದವರ ಮನೆ ಎಲ್ಲಿದ್ದವು?" ಅಂತ ಮತ್ತೆ ಕೇಳಿದಳು. ಈ ಸಲ ಉತ್ತರ ಅವಳ ನಕ್ಷೆಯಲ್ಲೇ ಇತ್ತು. ಕೆರೆಯಿಂದ ಕೊಳದವರೆಗೆ ನಾವು ನಡೆದ ಹೊಲ, ಗದ್ದೆ, ದಿಬ್ಬ, ಹೆಚ್ಚಿನದೆಲ್ಲ ಊರೇ ಆಗಿದ್ದಿರಬೇಕು. ಅರಮನೆ, ಮನೆಗಳು ಉಳಿಯಲಿಲ್ಲ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ಬಂದ, ಆಮೇಲೆ ತುಘಲಕನ ದಂಡು ಬಂತು. ಮೂರನೇ ಬಲ್ಲಾಳ ತಿರುವಣ್ಣಾಮಲೆಗೆ ಹೋದ. ಕೊನೆಗೆ ಇದು "ಹಳೆಯ ಬೀಡು" ಆಯಿತು. ಕಾರಿನಲ್ಲಿ ಹೋದರೆ ಒಂದು ಗುಡಿಗೂ ಇನ್ನೊಂದಕ್ಕೂ ನಡುವೆ ಏನೂ ಇಲ್ಲ ಅನಿಸುತ್ತದೆ. ನಡೆದರೆ ಆ ನಡುವಿನ ಜಾಗವೇ ಮುಖ್ಯ ಅಂತ ಗೊತ್ತಾಗುತ್ತದೆ.

ನಾಲ್ಕು ಗಂಟೆಗೆ ಹೊಯ್ಸಳೇಶ್ವರಕ್ಕೆ ವಾಪಸ್ ಬಂದೆವು. ಬಿಸಿಲು ಹಿಂದಿನ ಗೋಡೆಗೆ ನೇರ ಬೀಳುತ್ತಿತ್ತು. ಇಷ್ಟು ವರ್ಷ ಬೂದು ಬಣ್ಣದ ಗೋಡೆ ಅಂದುಕೊಂಡಿದ್ದದ್ದು ಜೇನಿನ ಬಣ್ಣಕ್ಕೆ ತಿರುಗಿತ್ತು. ಕೈಲಾಸ ಎತ್ತುವ ರಾವಣನ ಪ್ರತಿ ತಲೆಯ ನೆರಳೂ ಬೇರೆ ಬೇರೆ. ಕೆಳಗಿನ ಪಟ್ಟಿಯ ಆನೆಗಳು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮೇಲೆ ರಾಮಾಯಣ ಮಹಾಭಾರತದ ಸಾಲು. ಹೆಚ್ಚಿನದೆಲ್ಲ ಎದೆ ಎತ್ತರದೊಳಗೇ ಇದೆ. ಗೈಡ್ ಬೇಕಾಗುವುದಿಲ್ಲ. ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಕಥೆ ಕೇಳಿದ್ದರೆ ಸಾಕು. ಚಕ್ರವ್ಯೂಹವನ್ನು ಹುಡುಗಿಯೇ ಹುಡುಕಿದಳು, ಸುರುಳಿ ಸುರುಳಿಯಾಗಿ ಕಡಿದಿದ್ದಾರೆ, ಒಳಗೆ ಅಭಿಮನ್ಯು.

ಆದರೂ ಬೇಲೂರಿನ ವಿಷಯ ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಎರಡು ವಾರ ಬಿಟ್ಟು ಮತ್ತೆ ಹೋದೆವು, ಈ ಸಲ ಬಾಗಿಲಲ್ಲೇ ಗೈಡ್ ಮಾಡಿಕೊಂಡು. ನಾವು ಎರಡು ಸಲ ಸುತ್ತಿ ಬಿಟ್ಟು ಹೋಗಿದ್ದನ್ನು ಅವರು ಐದೇ ನಿಮಿಷದಲ್ಲಿ ತೋರಿಸಿದರು. ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯಲ್ಲಿ ಹಣ್ಣು, ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ಎಲ್ಲಾ ಸೇರಿ ಅಂಗೈ ಅಗಲ ಇರಬಹುದು. ಪೂರ್ವದ ಬಾಗಿಲ ಪಕ್ಕದ ಜಾಲಂಧ್ರದಲ್ಲಿ (ಕಲ್ಲಿನ ಜಾಲರಿ ಕಿಟಕಿಯಲ್ಲಿ) ವಿಷ್ಣುವರ್ಧನನ ಆಸ್ಥಾನ. ಒಂದು ಶಿಲ್ಪದ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು. ಫೋನಿನಲ್ಲಿ ಜೂಮ್ ಮಾಡಿ ಹುಡುಗಿ ಒಂದೆರಡು ಅಕ್ಷರ ಗುರುತು ಹಿಡಿದಳು. ಮಾಡಿದವರ ಹೆಸರು ಕಲ್ಲಿನಲ್ಲೇ ಇದೆ ಅಂತ ಗೊತ್ತಾದ ಮೇಲೆ ಅವಳು ಪ್ರತಿ ಮೂರ್ತಿಯ ಕಾಲಡಿ ನೋಡುತ್ತಾ ಬಂದಳು. ಒಂದೇ ಕೊರತೆ. ಮುಂದಿನ ಗುಂಪು ಕಾಯುತ್ತಿದ್ದದ್ದರಿಂದ ಮುಕ್ಕಾಲು ಗಂಟೆಯಲ್ಲಿ ಮುಗಿಸಿಬಿಟ್ಟರು. ಅವರು ಹೋದ ಮೇಲೆ ನಾವೇ ಇನ್ನೊಂದು ಸುತ್ತು ಹಾಕಿದೆವು. ಆ ಸುತ್ತು ತುಂಬಾ ಚೆನ್ನಾಗಿತ್ತು.

ಹಾಗಾಗಿ ಬೇಲೂರಿಗೆ ಹೋಗುವವರಿಗೆ ನನ್ನ ಸಲಹೆ: ಮೊದಲು ಗೈಡ್, ಆಮೇಲೆ ಸುಮ್ನೆ ಒಬ್ಬರೇ ಒಂದು ಸುತ್ತು. ಹಳೇಬೀಡಿಗೆ ದಿನ ಪೂರ್ತಿ ಇಡಿ, ಗೈಡ್ ಇಲ್ಲದಿದ್ದರೂ ನಡೆಯುತ್ತದೆ. ಹೆಚ್ಚಿನ ಕಡೆ ಕನ್ನಡದ ಬೋರ್ಡ್ ಇದೆ.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಬೇಲೂರೇ ವಾಸಿ. ಎಲ್ಲಾ ಹತ್ತಿರದಲ್ಲಿದೆ, ಪೂಜೆ ನಡೆಯುತ್ತದೆ, ಊಟಕ್ಕೆ ಒಳ್ಳೆ ಹೋಟೆಲ್‌ಗಳಿವೆ. ಹಳೇಬೀಡಿನಲ್ಲಿ ಬಸದಿಹಳ್ಳಿ ದಾಟಿದ ಮೇಲೆ ತಿನ್ನೋಕೆ ಏನೂ ಸಿಗುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೋಗಿ. ನಮ್ಮದು ದಿನಪೂರ್ತಿ ಸೇರಿ ಏಳೆಂಟು ಕಿಲೋಮೀಟರ್ ನಡಿಗೆ ಆಗಿರಬಹುದು. ದಾರಿಯಲ್ಲಿ ನೆರಳು ಕಡಿಮೆ. ಎರಡನ್ನೂ ಒಂದೇ ದಿನ ಮಾಡೋಕೆ ಹೋಗಬೇಡಿ. ನಡುವೆ 16 ಕಿಲೋಮೀಟರ್ ಅಷ್ಟೇ ಇದ್ದರೂ ಎರಡೂ ಅರ್ಧಂಬರ್ಧ ಆಗುತ್ತವೆ. ಶ್ರವಣಬೆಳಗೊಳವನ್ನೂ ಸೇರಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಅದು ಬೆಟ್ಟ ಹತ್ತುವ ಊರು, ಅದನ್ನು ಈ ಹೋಲಿಕೆಗೆ ತರುವುದು ಸರಿಯಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವು. ಹೊರಗಿನವರು ಈಗ ಜಾಸ್ತಿ ಬರುತ್ತಾರೆ, ಸಂತೋಷ. ಆದರೆ ಬಸದಿಹಳ್ಳಿಗೆ, ಹುಲಿಕೆರೆಗೆ ನಮ್ಮ ಜಿಲ್ಲೆಯ ಮಕ್ಕಳನ್ನು ನಾವು ಕರೆದುಕೊಂಡು ಹೋಗಬೇಕು ಅಲ್ವಾ? ನಮ್ಮ ನಕ್ಷೆಯಲ್ಲಿ ಹಳೇಬೀಡಿನ ಹತ್ತಿರದ ಪುಷ್ಪಗಿರಿ ಬೆಟ್ಟದ ಜಾಗ ಇನ್ನೂ ಖಾಲಿ ಇದೆ. ಬಿಸಿಲು ಬಲಿಯುವ ಮುಂಚೆ ಒಂದು ಭಾನುವಾರ ಹೋಗಬೇಕು ಅಂತ ಅವಳು ಆಗಲೇ ದಿನ ಗೊತ್ತು ಮಾಡಿದ್ದಾಳೆ.