ಮಾಡೆಲ್ ರೈಲಿಗೆ ಮೂರು ಕಂಟ್ರೋಲರ್ ಕಟ್ಟಿ ನೋಡಿದೆ

ರೈಲನ್ನು ಜೋರಾಗಿ ಓಡಿಸಲು ಯಾವ ಕಂಟ್ರೋಲರ್ ಆದರೂ ಸಾಕು. ಕಷ್ಟವಿರುವುದು ನಿಧಾನದಲ್ಲಿ. ನಿಂತ ರೈಲು ಹೊರಟಿದ್ದೇ ಗೊತ್ತಾಗಬಾರದು, ಅಲ್ವಾ? ಒಂದೇ ಎಚ್‌ಒ (ಅಸಲಿಯ 87ನೇ ಒಂದು ಅಳತೆಯ) ಎಂಜಿನ್, ಒಂದೇ ಹಳಿ ಇಟ್ಟುಕೊಂಡು ಮೂರು ಬಗೆಯ 12 ವೋಲ್ಟ್ ಡಿಸಿ ಕಂಟ್ರೋಲರ್ ಪರೀಕ್ಷಿಸಿದೆ.

ರಿಯೋಸ್ಟಾಟ್, ಅಂದರೆ ಮೋಟಾರಿನ ಸಾಲಿನಲ್ಲಿ ಕೂರುವ ತಿರುಗಿಸುವ ರೆಸಿಸ್ಟರ್, ಬೇಗ ಸೋತಿತು. ನಾಬ್ ತಿರುಗಿಸುತ್ತಾ ಹೋದರೂ ಏನೂ ಆಗುವುದಿಲ್ಲ, ಆಮೇಲೆ ಎಂಜಿನ್ ಕಪ್ಪೆಯ ಹಾಗೆ ಜಿಗಿಯುತ್ತದೆ. ಹೊರಡುವಾಗ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ವೋಲ್ಟೇಜನ್ನೆಲ್ಲ ರಿಯೋಸ್ಟಾಟೇ ನುಂಗಿಬಿಡುತ್ತದೆ. ಏರು ಬಂದಾಗಲೂ ಅದೇ ಕಥೆ.

ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಐಸಿ ಎಲ್‌ಎಂ317 ಎಷ್ಟೋ ವಾಸಿ. ಕರೆಂಟ್ ಏರಿಳಿದರೂ ವೋಲ್ಟೇಜ್ ಅಲುಗಾಡುವುದಿಲ್ಲ. ಆದರೆ 1.25 ವೋಲ್ಟ್‌ಗಿಂತ ಕೆಳಗೆ ಇಳಿಯುವುದಿಲ್ಲ. ಎರಡು ಡಯೋಡ್‌ಗಳನ್ನು ಸಾಲಾಗಿ ಹಾಕಿದ ಮೇಲೆ ಅವು ಅಷ್ಟು ವೋಲ್ಟೇಜನ್ನು ನುಂಗಿ ಆ ತೊಂದರೆ ಹೋಯಿತು. ಇನ್ನೊಂದು ತೊಂದರೆ ಬಿಸಿ. 16 ವೋಲ್ಟ್ ಕೊಟ್ಟು 4 ವೋಲ್ಟ್ ತೆಗೆದರೆ, ಅರ್ಧ ಆಂಪಿಯರ್‌ಗೆ 6 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಹೀಟ್‌ಸಿಂಕ್ ಇಲ್ಲದೆ ಓಡಿಸಿದಾಗ ಐಸಿ ತಾನೇ ಕೈಕೊಟ್ಟು, ತಣ್ಣಗಾದ ಮೇಲೆ ಮತ್ತೆ ಎಚ್ಚರವಾಯಿತು. ರೈಲು ನಡುದಾರಿಯಲ್ಲಿ ನಿಂತು ಹೊರಟಿದ್ದು ನೋಡಲು ಸಿಗ್ನಲ್ ಬಿದ್ದ ಹಾಗೇ ಇತ್ತು!

555 ಟೈಮರ್ ಐಸಿ ಮತ್ತು ಮಾಸ್‌ಫೆಟ್‌ನ (ಎಲೆಕ್ಟ್ರಾನಿಕ್ ಸ್ವಿಚ್‌ನ) ಪಿಡಬ್ಲ್ಯುಎಂ (ಪಲ್ಸ್ ವಿಡ್ತ್ ಮಾಡ್ಯುಲೇಶನ್) ಬೇರೆಯೇ ಜಾತಿ. ವೋಲ್ಟೇಜ್ ಇಳಿಸುವುದಿಲ್ಲ, ಪೂರ್ತಿ 12 ವೋಲ್ಟನ್ನೇ ತುಂಡು ತುಂಡಾಗಿ ಕೊಡುತ್ತದೆ; ತುಂಡು ಉದ್ದವಾದಷ್ಟೂ ವೇಗ ಜಾಸ್ತಿ. ಪ್ರತಿ ಏಟಿಗೂ ಮೋಟಾರ್ ಮಿಸುಕುತ್ತದೆ. ಸ್ಲೀಪರ್‌ಗಳನ್ನು ಎಣಿಸುವಷ್ಟು ನಿಧಾನವಾಗಿ ಎಂಜಿನ್ ತೆವಳಿತು. ಮಾಸ್‌ಫೆಟ್ ಬೆಚ್ಚಗೂ ಆಗಲಿಲ್ಲ.

ಸದ್ದು ಮಾತ್ರ ಕಿರಿಕಿರಿ. 555ಕ್ಕೆ 100ಕೆ ಪಾಟ್ (100 ಕಿಲೋಓಮ್‌ನ ತಿರುಗಿಸುವ ರೆಸಿಸ್ಟರ್), 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದಾಗ ಸೆಕೆಂಡಿಗೆ ಸುಮಾರು 144 ಏಟು, ಎಂಜಿನ್ ಗುರ್ ಎನ್ನುತ್ತಿತ್ತು. ಕೆಪಾಸಿಟರ್ ಚಿಕ್ಕದಾದಷ್ಟೂ ಏಟು ಬೇಗ ಬೇಗ ಬೀಳುತ್ತವೆ. 0.01 ಹಾಕಿದೆ, ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗಾಯಿತು. 470 ಪಿಕೋಫ್ಯಾರಡ್‌ಗೆ ಇಳಿಸಿದ ಮೇಲೆ ಸದ್ದಡಗಿತು, ಆದರೆ ತೆವಳುವ ಚಂದವೂ ಹೋಯಿತು. ಅಷ್ಟು ವೇಗದ ಏಟುಗಳನ್ನು ಮೋಟಾರಿನ ಸುರುಳಿ ನಯಮಾಡಿಬಿಡುತ್ತದೆ, ಉಳಿಯುವುದು ಹೆಚ್ಚುಕಡಿಮೆ ಮಾಮೂಲಿ ಡಿಸಿ. ಮತ್ತೆ 0.1ಕ್ಕೇ ಬಂದೆ.

ಹಳಿ ತಪ್ಪಿ ಶಾರ್ಟ್ ಆದಾಗ ಎಲ್‌ಎಂ317 ತಾನೇ ಕರೆಂಟ್ ತಡೆಯಿತು. ನನ್ನ ಮೊದಲ ಮಾಸ್‌ಫೆಟ್ ಅಲ್ಲೇ ಸುಟ್ಟಿತು. ಇನ್ನೊಂದು ಪೆದ್ದುತನ: ಫ್ಲೈಬ್ಯಾಕ್ ಡಯೋಡನ್ನು (ಮೋಟಾರಿನ ಸುರುಳಿ ಹಿಂದಕ್ಕೆ ಒದೆಯುವ ವೋಲ್ಟೇಜಿನಿಂದ ಮಾಸ್‌ಫೆಟ್ ಕಾಯುವ ಡಯೋಡ್) ರಿವರ್ಸ್ ಸ್ವಿಚ್ ಆದಮೇಲೆ, ಹಳಿಯ ಕಡೆ ಹಾಕಿದ್ದೆ. ರಿವರ್ಸ್ ಒತ್ತಿದ ಕೂಡಲೇ ಡಯೋಡೇ ಶಾರ್ಟ್ ದಾರಿಯಾಗಿ ಫ್ಯೂಸ್ ಹೋಯಿತು. ಅದು ಸ್ವಿಚ್‌ಗಿಂತ ಮೊದಲೇ ಇರಬೇಕು.

ಈಗ ಭಾರದ ಗೂಡ್ಸ್ ಎಂಜಿನ್‌ಗೆ 555. ಕೋರ್‌ಲೆಸ್ (ಸುರುಳಿಯೊಳಗೆ ಕಬ್ಬಿಣದ ತಿರುಳಿಲ್ಲದ) ಮೋಟಾರಿನ ಪುಟ್ಟ ಎಂಜಿನ್‌ಗೆ ನಿಧಾನದ ಏಟುಗಳು ಬಿಸಿ ಹತ್ತಿಸುತ್ತವೆ, ಅದಕ್ಕೆ ಎಲ್‌ಎಂ317. ರಿಯೋಸ್ಟಾಟ್ ಬಿಚ್ಚಿ ಅದರ ನಾಬನ್ನು ಹೊಸ ಡಬ್ಬಿಗೆ ಹಾಕಿಕೊಂಡಿದ್ದೇನೆ.