ಹಳೆ ಜೀಪಿಗೆ ಮೊದಲು ಟಯರಾ, ಲಿಫ್ಟಾ?
ಹಳೆ ಮಹೀಂದ್ರಾ ಎಂಎಂ540 ಜೀಪು ತಗೊಂಡವರಿಗೆ ನನ್ನ ಮಾತು: ಮೊದಲ ದುಡ್ಡು ಟಯರಿಗೆ, ಗಾಡಿ ಎತ್ತರಿಸುವ ಲಿಫ್ಟ್ ಕಿಟ್ಟಿಗಲ್ಲ. ಮಳೆಗಾಲದಲ್ಲಿ ಬಂದಡ್ಕ ಕಡೆಯ ತೋಟದ ದಾರಿಯಲ್ಲಿ ಕೆಂಪು ಮಣ್ಣು ಟಯರಿನ ಕಚ್ಚಿಗೆ ಮೆತ್ತಿಕೊಂಡು ಚಕ್ರ ನಿಂತಲ್ಲೇ ಸುತ್ತುತ್ತದಲ್ವಾ, ಅಲ್ಲಿ ಬೇಕಿರುವುದು ಹಿಡಿತ, ಎತ್ತರ ಅಲ್ಲ. ಮಡ್ ಟಯರ್ ಕೆಸರಿಗೆ ಒಳ್ಳೆಯದು, ಆದರೆ ಡಾಮರು ರಸ್ತೆಯಲ್ಲಿ ಸದ್ದು ಜಾಸ್ತಿ. ದಿನಾ ಕಾಸರಗೋಡು ಪೇಟೆಗೆ ಹೋಗುವವರಿಗೆ ಕಂಪನಿ ಅಳತೆಯ ಆಲ್ ಟೆರೇನ್ ಟಯರ್ (ಡಾಮರಿಗೂ ಮಣ್ಣಿಗೂ ಆಗುವಂಥದ್ದು) ಸಾಕು.

ಲಿಫ್ಟ್ ಹಾಕಿದರೆ ಬಾಡಿ ಮೇಲೇಳುತ್ತದೆ, ಆಕ್ಸಲ್ ನಡುವಿನ ಡಿಫರೆನ್ಶಿಯಲ್ (ಚಕ್ರ ತಿರುಗಿಸುವ ಗೇರಿನ ಗುಂಡು) ಇದ್ದಲ್ಲೇ ಇರುತ್ತದೆ, ಕಲ್ಲು ತಾಗುವುದು ಅದಕ್ಕೇ. ತಿರುವಿನಲ್ಲಿ ವಾಲುವುದು ಜಾಸ್ತಿ, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಅದರ ಜಾಯಿಂಟಿನ ಕ್ರಾಸ್ ಬೇಗ ಸವೆಯುತ್ತದೆ. ಕಾನೂನೂ ಇದೆ: ಕೇರಳದಿಂದಲೇ ಹೋದ ಕೇಸಿನಲ್ಲಿ, ಕಂಪನಿ ಕೊಟ್ಟ ವಿನ್ಯಾಸ ಬದಲಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅದಕ್ಕಿಂತ ಪಟ್ಟಾ ಬುಷ್ (ಪಟ್ಟಾ ಸ್ಪ್ರಿಂಗಿನ ತುದಿಯ ರಬ್ಬರು) ಬದಲಿಸಿ ನೋಡಿ. ಹಳೆಯದು ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ.