ಬೆರಳಿನ ಆಕ್ಸಿಮೀಟರ್: ಕೋವಿಡ್ ಹೋದರೂ ಸುಸ್ತು ಹೋಗದವರಿಗೆ ಎಷ್ಟು ಉಪಯೋಗ?

2021ರಲ್ಲಿ ಹುಬ್ಬಳ್ಳಿ-ಧಾರವಾಡದ ಮೆಡಿಕಲ್ ಶಾಪ್‌ಗಳಲ್ಲಿ ಅಲೆದು ತಂದ ಆಕ್ಸಿಮೀಟರ್ ಈಗ ಎಷ್ಟೋ ಮನೆಗಳಲ್ಲಿ ಗುಳಿಗೆ ಡಬ್ಬಿಯ ತಳ ಸೇರಿದೆ. ಕೋವಿಡ್ ಬಂದು ಮೂರು ತಿಂಗಳು ಕಳೆದರೂ ‘ದಮ್ಮು ಹತ್ತತೈತಿ’, ‘ನಿಂತರ ತಲಿ ಗಿರ್ ಅಂತೈತಿ’ ಅನ್ನುವವರು ಮನೆಯಲ್ಲಿದ್ದರೆ ಅದನ್ನು ಹೊರಗೆ ತೆಗೆಯಿರಿ. 2021ರಲ್ಲಿ ಎಲ್ಲರ ಕಣ್ಣು ಅದು ತೋರಿಸುವ ರಕ್ತದ ಆಕ್ಸಿಜನ್ ಅಂಕಿಯ ಮೇಲಿತ್ತು. ಲಾಂಗ್ ಕೋವಿಡ್‌ನಲ್ಲಿ, ಅಂದರೆ ಕೋವಿಡ್ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಇಂಥ ತೊಂದರೆಯಲ್ಲಿ, ಅದರ ಪಕ್ಕದ ನಾಡಿಬಡಿತದ ಅಂಕಿಯೇ ಹೆಚ್ಚು ಮಾತಾಡುತ್ತದೆ. ಕುಂತಲ್ಲಿ ಆಕ್ಸಿಜನ್ 97 ಬಂತೆಂದು ‘ಏನೂ ಇಲ್ಲ ಬಿಡ್ರಿ’ ಎಂದು ಕಳಿಸುವುದು ಈ ಯಂತ್ರದ ಅತಿ ಕೆಟ್ಟ ಬಳಕೆ.

ಹೊಸದು ಕೊಳ್ಳುವವರಿಗೆ ಮೊದಲ ಮಾತು: ಬರೀ ಅಂಕಿ ತೋರಿಸುವುದಕ್ಕಿಂತ ನಾಡಿಯ ಅಲೆ ತೋರಿಸುವ ಪರದೆ ಇರುವುದನ್ನು ಆರಿಸಿ. ಅಲೆ ಏರಿಳಿದು ಸಮನಾಗಿ ಹರಿಯದಿದ್ದರೆ ಅಂಕಿಯನ್ನು ನಂಬುವ ಹಾಗಿಲ್ಲ. ಅಂಗಡಿಯಲ್ಲೇ ಪೆನ್ಸಿಲ್ಲಿಗೆ ಸಿಗಿಸಿ ನೋಡಿ. ಪೆನ್ಸಿಲ್ಲಿಗೂ 98 ತೋರಿಸಿದರೆ ವಾಪಸ್ ಕೊಟ್ಟುಬಿಡಿ. ಬ್ಲೂಟೂತ್‌ಗೆಂದು ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ, ನೋಟುಬುಕ್ ಸಾಕು.

ಒಳ್ಳೆಯ ಯಂತ್ರವೂ ಎರಡು ಅಂಕಿ ಆಚೀಚೆ ತೋರಿಸುತ್ತದೆ. ತಪ್ಪು ಹೆಚ್ಚಾಗಿ ಬೆರಳಿನ ಕಡೆಯಿಂದ ಬರುತ್ತದೆ. ಧಾರವಾಡದ ಮಳೆಗಾಲದ ತಣ್ಣನೆ ಕೈಗೆ ರಕ್ತ ಕಡಿಮೆ ಹರಿಯುವುದರಿಂದ ಅಂಕಿ ಕುಣಿಯುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ನೇಲ್ ಪಾಲಿಶ್ ಒರೆಸಿ. ಕೆಂಪು ಮದರಂಗಿ ಅಷ್ಟು ತೊಂದರೆ ಕೊಡದು, ಮದುವೆ ಮನೆಯ ಕಪ್ಪು ಮೆಹಂದಿ ಬೆಳಕನ್ನೇ ತಡೆಯುತ್ತದೆ. ಬಣ್ಣ ದಟ್ಟವಾಗಿರುವ ಚರ್ಮದಲ್ಲಿ ನಿಜಕ್ಕಿಂತ ತುಸು ಹೆಚ್ಚು ಬರಬಹುದು. ಬೀಡಿ ಸೇದುವವರಲ್ಲಿ, ಒಲೆಯ ಹೊಗೆಯಲ್ಲೇ ಕೂತು ಎದ್ದವರಲ್ಲಿ ಕೂಡ ಹಾಗೆಯೇ, ಯಾಕೆಂದರೆ ರಕ್ತಕ್ಕೆ ಅಂಟಿದ ಕಾರ್ಬನ್ ಮೊನಾಕ್ಸೈಡನ್ನು ಯಂತ್ರ ಆಕ್ಸಿಜನ್ ಎಂದೇ ಓದುತ್ತದೆ. ರಕ್ತಹೀನತೆಯನ್ನಂತೂ ಇದು ಕಾಣುವುದೇ ಇಲ್ಲ. ಹಿಮೋಗ್ಲೋಬಿನ್ 7 ಇದ್ದು ಮೆಟ್ಟಿಲು ಹತ್ತಲಾರದವರಿಗೂ 98 ತೋರಿಸುತ್ತದೆ.

ಐದು ನಿಮಿಷ ಕೂತು, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ನಡುಬೆರಳಿಗೆ ಸಿಗಿಸಿ. ಅಂಕಿ ನಿಲ್ಲಲು ಒಂದು ನಿಮಿಷ ಕೊಡಿ. ಇದು ಕುಂತ ಲೆಕ್ಕ. ಇಲ್ಲಿ ಆಕ್ಸಿಜನ್ 96 ಅಥವಾ ಹೆಚ್ಚು ಇದ್ದು, ಎದೆನೋವು ಇಲ್ಲದಿದ್ದರೆ ಮುಂದಿನ ಪರೀಕ್ಷೆ. ಕೈಗಳಿಲ್ಲದ ಕುರ್ಚಿಯನ್ನು ಗೋಡೆಗೆ ಆನಿಸಿ, ತೋಳು ಎದೆಗೆ ಕಟ್ಟಿಕೊಂಡು, ಒಂದು ನಿಮಿಷದಲ್ಲಿ ಆದಷ್ಟು ಸಲ ಎದ್ದು ಕೂರಬೇಕು. ಮುಗಿದ ತಕ್ಷಣ ನೋಡಿ ಬಿಡಬೇಡಿ. ಆಕ್ಸಿಜನ್ ಬೀಳುವುದು ಹಲವರಲ್ಲಿ ನಿಲ್ಲಿಸಿದ ಮೇಲೆ, ಆದ್ದರಿಂದ ಇನ್ನೊಂದು ನಿಮಿಷ ಕಾಯಿರಿ. ಕುಂತ ಲೆಕ್ಕಕ್ಕಿಂತ ಮೂರು ಅಥವಾ ಹೆಚ್ಚು ಇಳಿದರೆ ಶ್ವಾಸಕೋಶ, ಹೃದಯ ಎರಡನ್ನೂ ಡಾಕ್ಟರ್ ನೋಡಬೇಕು. ಒಂದು ಎಚ್ಚರಿಕೆ: ಇವತ್ತು ತುಸು ದುಡಿದರೆ ನಾಳೆ ನಾಡದು ಹಾಸಿಗೆ ಹಿಡಿಯುವವರು ಈ ಪರೀಕ್ಷೆಯನ್ನೇ ಮಾಡಬಾರದು. ಪರೀಕ್ಷೆಯೇ ಅವರನ್ನು ಕೆಡವುತ್ತದೆ.

ತಲೆ ತಿರುಗಿ ಎದೆ ಡವಡವ ಅನ್ನುವವರಿಗೆ ನಿಂತ ಲೆಕ್ಕ ಬೇಕು. ಐದು ನಿಮಿಷ ಮಲಗಿ ನಾಡಿ ಬರೆದುಕೊಳ್ಳಿ. ಆಮೇಲೆ ಎದ್ದು, ಬೆನ್ನು ಗೋಡೆಗೆ ಕೊಟ್ಟು ಹತ್ತು ನಿಮಿಷ ನಿಲ್ಲಿ, ಎರಡೆರಡು ನಿಮಿಷಕ್ಕೆ ಬರೆಯಿರಿ. ಬಿದ್ದರೆ ಹಿಡಿಯಲು ಪಕ್ಕದಲ್ಲಿ ಒಬ್ಬರಿರಲಿ. ಕೈ ಇಳಿಬಿಟ್ಟರೆ ಅಂಕಿ ಕೆಡುತ್ತದೆ, ಎದೆಯ ಮಟ್ಟಕ್ಕೇ ಇರಲಿ. ದೊಡ್ಡವರಲ್ಲಿ ನಾಡಿ 30 ಅಥವಾ ಅದಕ್ಕೂ ಹೆಚ್ಚು ಏರಿ ಹಾಗೇ ಉಳಿದರೆ, 12ರಿಂದ 19 ವಯಸ್ಸಿನವರಲ್ಲಿ 40 ಏರಿದರೆ, ಆ ಚೀಟಿ ಡಾಕ್ಟರ ಮೇಜಿಗೆ ಹೋಗಬೇಕು. ನಿಂತಾಗ ಹೀಗೆ ನಾಡಿ ಏರುವುದಕ್ಕೆ ನೀರು, ಕಾಲಿಗೆ ಬಿಗಿ ಕಾಲುಚೀಲ, ಕೆಲಸವನ್ನು ತುಂಡು ಮಾಡಿ ನಡುವೆ ಮಲಗುವುದು ಸಹಾಯ ಮಾಡುತ್ತವೆ. ಉಪ್ಪು ಹೆಚ್ಚಿಸುವುದು ಮಾತ್ರ ಬಿಪಿ, ಕಿಡ್ನಿ ನೋಡಿ ಡಾಕ್ಟರ್ ಹೇಳಿದ ಮೇಲೆಯೇ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತಗೊಳ್ಳುವವರ ನಾಡಿ ಏರುವುದೇ ಕಡಿಮೆ, ಗುಳಿಗೆಯ ಹೆಸರೂ ಚೀಟಿಯಲ್ಲಿರಲಿ.

ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗುವಾಗ ತಾರೀಕು, ಹೊತ್ತು, ಕುಂತಾಗ, ಎದ್ದಾಗ ಎಂದು ಒಂದು ವಾರದ ಅಂಕಿ ಒಯ್ಯಿರಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಬಗ್ಗೆ ಕೇಳಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಲಾಂಗ್ ಕೋವಿಡ್ ಎಂದುಕೊಂಡು ಕೂರದೆ ಪರೀಕ್ಷೆಗೆ ಕಫ ಕೊಡಿ. ಟಿಬಿ ಪರೀಕ್ಷೆ ಸರ್ಕಾರದ ಕಡೆಯಿಂದ ಪುಕ್ಕಟೆ.

ಬೆಚ್ಚಗಿನ ಬೆರಳಿನಲ್ಲಿ ಎರಡು ಸಲ ನೋಡಿದಾಗಲೂ ಕುಂತಲ್ಲೇ ಆಕ್ಸಿಜನ್ 92 ಅಥವಾ ಕಡಿಮೆ ಬಂದರೆ ಬರೆಯುತ್ತ ಕೂರಬೇಡಿ, ಸೀದಾ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಇನ್ನು ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಯಂತ್ರ ಆನ್ ಆಗದಿದ್ದರೆ ಮೊದಲು ಸೆಲ್ ನೋಡಿ. ಒಳಗೇ ಬಿಟ್ಟ ಸೆಲ್ ಸೋರಿ ತಗಡಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಬಳಸದಾಗ ಎರಡೂ ಸೆಲ್ ತೆಗೆದಿಡಿ.